ಶನಿಯ ದೂರದ ಚಂದ್ರ



‘ಶನಿ’ ಅನ್ನುವ ಮಾತು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಬೆಳೆ ಕೈಕೊಟ್ಟರೆ ಶನಿ ಕಾಟ ಅಂತೀವಿ. ಕರೆಯುವ ಎಮ್ಮೆ ಸತ್ತರೆ ಶನಿ ಹೆಗಲೇರಿದ ಅಂತೀವಿ. ಮಗಳ ಮದುವೆ ತಡವಾದರೆ ಜಾತಕ ಹಿಡಿದುಕೊಂಡು ಓಡ್ತೀವಿ. ಇಷ್ಟೆಲ್ಲ ಮಾತಾಡುವ ನಾವು ಶನಿಯನ್ನು ಒಮ್ಮೆಯಾದರೂ ಕಣ್ಣಾರೆ ನೋಡಿದ್ದೀವಾ?

ಈ ಪಾಠದಲ್ಲಿ ಶನಿ ಗ್ರಹವನ್ನು ನೋಡೋಣ. ಜೊತೆಗೆ, ಅದನ್ನು ಬಹಳ ದೂರದಲ್ಲಿ ಸುತ್ತುವ ಒಂದು ಸಣ್ಣ ಚಂದ್ರನನ್ನೂ ನೋಡೋಣ. ಆ ಚಂದ್ರನ ಹೆಸರು ಫೀಬಿ. ಫೀಬಿ ನಮ್ಮ ಬರಿಗಣ್ಣಿಗೆ ಕಾಣುವುದಿಲ್ಲ. ಆದರೂ ಅದರ ಗಾತ್ರ ಗೊತ್ತು, ಬಣ್ಣ ಗೊತ್ತು, ಅದು ನಡೆಯುವ ದಾರಿಯೂ ಗೊತ್ತು.

ಕಣ್ಣಿಗೆ ಕಾಣದ್ದು ಹೇಗೆ ಗೊತ್ತಾಯಿತು? ಪಾಠ ಓದಿ ಮುಗಿಸುವ ತನಕ ಈ ಒಂದು ಪ್ರಶ್ನೆಯನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ: ‘ಹೇಗೆ ಗೊತ್ತು?’

ನಿಧಾನವಾಗಿ ನಡೆಯುವ ಗ್ರಹ

ನಮ್ಮ ಭೂಮಿ ಸೂರ್ಯನ ಸುತ್ತ ತಿರುಗುತ್ತದೆ. ಒಂದು ಸುತ್ತು ಬರಲು ಒಂದು ವರ್ಷ ಬೇಕು. ಹೀಗೆ ಸೂರ್ಯನನ್ನು ಸುತ್ತುವ ದೊಡ್ಡ ಗೋಳಗಳಿಗೆ ಗ್ರಹ ಎಂದು ಹೆಸರು. ಭೂಮಿಯೂ ಒಂದು ಗ್ರಹ. ಶನಿಯೂ ಒಂದು ಗ್ರಹ.

ಗ್ರಹವನ್ನು ಸುತ್ತುವ ಗೋಳ ಅಥವಾ ಬಂಡೆಗೆ ಉಪಗ್ರಹ ಎನ್ನುತ್ತಾರೆ. ನಮ್ಮ ಚಂದಮಾಮ ಭೂಮಿಯ ಉಪಗ್ರಹ. ಬೇರೆ ಗ್ರಹಗಳ ಉಪಗ್ರಹಗಳನ್ನೂ ‘ಚಂದ್ರ’ ಎಂದೇ ಕರೆಯುವ ರೂಢಿ ಇದೆ.

ಶನಿ ಬಹಳ ದೊಡ್ಡದು. ಶನಿಯ ಅಡ್ಡಗಲಕ್ಕೆ ಸಾಲಾಗಿ 9 ಭೂಮಿಗಳನ್ನು ಇಡಬಹುದು. ಆದರೆ ಅಲ್ಲಿ ಕಾಲಿಡಲು ನೆಲವಿಲ್ಲ. ಅದು ಹೆಚ್ಚಾಗಿ ಅನಿಲಗಳ ಉಂಡೆ. ಅಂದರೆ ಗಾಳಿಯಂಥ ವಸ್ತುಗಳಿಂದ ಆದದ್ದು.

ಭೂಮಿ ಸೂರ್ಯನಿಂದ ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿದೆ. ಶನಿ ಸುಮಾರು 143 ಕೋಟಿ ಕಿ.ಮೀ. ದೂರದಲ್ಲಿದೆ. ಬೆಳಕಿಗಿಂತ ಬೇಗ ಓಡುವುದು ಯಾವುದೂ ಇಲ್ಲ. ಆ ಬೆಳಕೂ ಶನಿಯಿಂದ ನಮ್ಮ ತನಕ ಬರಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು.

ದೂರ ಇರುವವರಿಗೆ ದಾರಿ ಉದ್ದ. ಅವರ ನಡಿಗೆಯೂ ನಿಧಾನ. ಸೂರ್ಯನನ್ನು ಒಂದು ಸುತ್ತು ಹಾಕಲು ಶನಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಶನಿಗೆ ‘ಶನೈಶ್ಚರ’ ಅಂತ ಇನ್ನೊಂದು ಹೆಸರಿದೆ. ಅದರ ಅರ್ಥ ‘ನಿಧಾನವಾಗಿ ನಡೆಯುವವನು’. ನಮ್ಮ ಹಿಂದಿನವರ ಹತ್ತಿರ ಯಾವ ಯಂತ್ರವೂ ಇರಲಿಲ್ಲ. ಆದರೂ ಅವರಿಗೆ ಇದು ಗೊತ್ತಿತ್ತು. ಹೇಗೆ? ರಾತ್ರಿ ರಾತ್ರಿ ನೋಡಿದರು. ನಕ್ಷತ್ರಗಳ ನಡುವೆ ಅದು ಎಷ್ಟು ಸರಿಯಿತು ಅಂತ ಲೆಕ್ಕ ಇಟ್ಟರು. ನೋಡಿದ್ದನ್ನು ನೆನಪಿಟ್ಟು ಮುಂದಿನವರಿಗೆ ಹೇಳಿದರು.

ಶನಿಯನ್ನು ನೀವೂ ನೋಡಬಹುದು. ಅದು ಸ್ವಲ್ಪ ಹಳದಿ ಬಣ್ಣದ ನಕ್ಷತ್ರದ ಹಾಗೆ ಕಾಣುತ್ತದೆ. ಆದರೆ ನಕ್ಷತ್ರದ ಹಾಗೆ ಮಿಣುಕುವುದಿಲ್ಲ. ದೇವರ ಮುಂದಿನ ನಂದಾದೀಪದ ಹಾಗೆ ಸುಮ್ಮನೆ ಬೆಳಗುತ್ತದೆ. ವರ್ಷದ ಎಲ್ಲಾ ತಿಂಗಳೂ ಅದು ಸಂಜೆ ಹೊತ್ತು ಕಾಣುವುದಿಲ್ಲ. ಯಾವಾಗ, ಯಾವ ದಿಕ್ಕಿಗೆ ಕಾಣುತ್ತದೆ ಅಂತ ಊರಿನ ವಿಜ್ಞಾನದ ಮೇಷ್ಟ್ರನ್ನು ಕೇಳಿ.

ಗಾಜಿನ ಮೇಲೆ ಸಿಕ್ಕ ಚುಕ್ಕಿ

ದೂರದ ವಸ್ತುವನ್ನು ಹತ್ತಿರ ಇದ್ದಂತೆ ತೋರಿಸುವ ಸಾಧನಕ್ಕೆ ದೂರದರ್ಶಕ ಎನ್ನುತ್ತಾರೆ. ದೂರದರ್ಶಕ ಅಂದ್ರೆ ಟೀವಿ ಅಲ್ಲ! ಗಾಜುಗಳನ್ನು ಜೋಡಿಸಿದ ದೊಡ್ಡ ಕೊಳವೆ. ಇಂಥ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿ, 1655ರಿಂದ 1848ರ ತನಕ ಶನಿಯ 8 ಚಂದ್ರಗಳನ್ನು ಕಂಡುಹಿಡಿದರು. ಆಮೇಲೆ ಐವತ್ತು ವರ್ಷ ಹೊಸದೊಂದೂ ಸಿಗಲಿಲ್ಲ.

ಆಗ ಒಂದು ಹೊಸ ಉಪಾಯ ಬಂತು. ಅದು ಫೋಟೋ.

ಕಣ್ಣಿಗಿಂತ ಫೋಟೋ ಯಾಕೆ ಮೇಲು? ನಲ್ಲಿಯಲ್ಲಿ ಹನಿ ಹನಿ ತೊಟ್ಟಿಕ್ಕುತ್ತಿದೆ ಅನ್ನಿ. ಅಂಗೈ ಒಡ್ಡಿದರೆ ಒಂದು ಹನಿ ಸಿಗುತ್ತದೆ, ಜಾರಿ ಹೋಗುತ್ತದೆ. ಕೆಳಗೆ ಬಿಂದಿಗೆ ಇಟ್ಟು ಬಂದರೆ ಬೆಳಗಾಗುವಷ್ಟರಲ್ಲಿ ನೀರು ಕೂಡಿರುತ್ತದೆ. ನಮ್ಮ ಕಣ್ಣು ಅಂಗೈ ಇದ್ದ ಹಾಗೆ. ಅದಕ್ಕೆ ಬೆಳಕನ್ನು ಕೂಡಿಡಲು ಬರುವುದಿಲ್ಲ. ಫೋಟೋ ತೆಗೆಯುವ ಗಾಜಿನ ಫಲಕ ಬಿಂದಿಗೆ ಇದ್ದ ಹಾಗೆ. ಗಂಟೆಗಟ್ಟಲೆ ಇಟ್ಟರೆ ಬಹಳ ಮಂಕಾದ ಬೆಳಕೂ ಅದರಲ್ಲಿ ಕೂಡಿ ಒಂದು ಚುಕ್ಕಿ ಮೂಡುತ್ತದೆ.

ದಕ್ಷಿಣ ಅಮೆರಿಕದಲ್ಲಿ ಪೆರು ಅನ್ನುವ ದೇಶವಿದೆ. ಅಲ್ಲಿನ ಅರೆಕ್ವಿಪಾ ಊರಿನ ಹತ್ತಿರ, ಎತ್ತರದ ಜಾಗದಲ್ಲಿ, ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದವರು ಒಂದು ದೊಡ್ಡ ದೂರದರ್ಶಕ ಇಟ್ಟಿದ್ದರು. ಅದಕ್ಕೆ ‘ಬ್ರೂಸ್ ದೂರದರ್ಶಕ’ ಅಂತ ಹೆಸರು. ಅದನ್ನು ಮಾಡಿಸಲು ಹಣ ಕೊಟ್ಟವರು ಒಬ್ಬ ಹೆಂಗಸು. ಅವರು ನ್ಯೂಯಾರ್ಕ್ ಊರಿನ ಕ್ಯಾಥರೀನ್ ಬ್ರೂಸ್. 1889ರಲ್ಲಿ ಅವರು 50 ಸಾವಿರ ಡಾಲರ್ ಕೊಟ್ಟರು. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ.

1898ರ ಆಗಸ್ಟ್ ತಿಂಗಳಲ್ಲಿ ಈ ದೂರದರ್ಶಕದಿಂದ ಶನಿ ಇರುವ ಕಡೆಯ ಆಕಾಶದ ಫೋಟೋ ತೆಗೆದರು. ಒಂದೇ ರಾತ್ರಿ ಅಲ್ಲ, ಬೇರೆ ಬೇರೆ ರಾತ್ರಿ. ಆ ಗಾಜಿನ ಫಲಕಗಳನ್ನು ಅಮೆರಿಕಕ್ಕೆ ಕಳಿಸಿದರು. ಅಲ್ಲಿ ವಿಲಿಯಂ ಪಿಕರಿಂಗ್ ಅನ್ನುವ ವಿಜ್ಞಾನಿ ಒಂದು ರಾತ್ರಿಯ ಫಲಕವನ್ನು ಇನ್ನೊಂದು ರಾತ್ರಿಯ ಫಲಕದ ಜೊತೆ ಹೋಲಿಸಿ ನೋಡಿದರು.

ಇದು ಹೇಗೆ ಅಂದರೆ, ರಂಗೋಲಿ ಚುಕ್ಕಿ ನೆನಪು ಮಾಡಿಕೊಳ್ಳಿ. ನಿನ್ನೆ ಇಟ್ಟ ಚುಕ್ಕಿಗಳೇ ಇವತ್ತೂ ಅದೇ ಜಾಗದಲ್ಲಿವೆ. ಆದರೆ ಒಂದೇ ಒಂದು ಚುಕ್ಕಿ ಕೊಂಚ ಪಕ್ಕಕ್ಕೆ ಸರಿದಿದೆ. ರಂಗೋಲಿ ಹಾಕಿ ಅಭ್ಯಾಸ ಇದ್ದವರ ಕಣ್ಣಿಗೆ ಅದು ತಟ್ಟನೆ ಬೀಳುತ್ತದೆ. ಹಾಗೆಯೇ ಆ ಫಲಕಗಳಲ್ಲಿ ನಕ್ಷತ್ರಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಒಂದು ಸಣ್ಣ ಚುಕ್ಕಿ ಮಾತ್ರ ಸರಿದಿತ್ತು. ಅದೂ ಎಲ್ಲೆಲ್ಲಿಗೋ ಹೋಗಿರಲಿಲ್ಲ. ಶನಿ ಯಾವ ಕಡೆ ಸರಿದಿತ್ತೋ ಅದೇ ಕಡೆ, ಶನಿಯ ಜೊತೆಗೇ ಸರಿದಿತ್ತು. ಅಂದಮೇಲೆ ಅದು ಶನಿಯ ಚಂದ್ರ!

1899ರ ಮಾರ್ಚ್ ತಿಂಗಳಲ್ಲಿ ಈ ಸುದ್ದಿ ಹೊರಬಂತು. ಶನಿಯ ಒಂಬತ್ತನೆಯ ಚಂದ್ರ ಸಿಕ್ಕಿತು. ಫೋಟೋದಿಂದ ಕಂಡುಹಿಡಿದ ಚಂದ್ರಗಳಲ್ಲಿ ಅದೇ ಮೊದಲನೆಯದು. ಅದಕ್ಕೆ ಫೀಬಿ ಅಂತ ಹೆಸರಿಟ್ಟರು. ಗ್ರೀಕ್ ದೇಶದ ಹಳೆಯ ಕಥೆಗಳಲ್ಲಿ ಬರುವ ಒಬ್ಬ ದೇವತೆಯ ಹೆಸರು ಅದು. ‘ಬೆಳಗುವವಳು’ ಅಂತ ಅದರ ಅರ್ಥ.

ಫಲಕ ಕಾಯ್ದ ಹೆಣ್ಣುಮಗಳು

ಆ ಗಾಜಿನ ಫಲಕಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು.

ಹಾರ್ವರ್ಡ್ ವೀಕ್ಷಣಾಲಯದಲ್ಲಿ ಫಲಕಗಳನ್ನು ಓದುವ ಕೆಲಸಕ್ಕೆ ಹೆಂಗಸರು ಇದ್ದರು. ಅವರು ದಿನವಿಡೀ ಭೂತಗನ್ನಡಿ ಹಿಡಿದು ಚುಕ್ಕಿಗಳನ್ನು ಎಣಿಸುತ್ತಿದ್ದರು. ಅಳೆಯುತ್ತಿದ್ದರು. ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅವರ ಮುಂದಾಳು ವಿಲಿಯಮಿನಾ ಫ್ಲೆಮಿಂಗ್.

ವಿಲಿಯಮಿನಾ 1857ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದರು. ಮದುವೆಯಾಗಿ ಗಂಡನ ಜೊತೆ ಅಮೆರಿಕಕ್ಕೆ ಬಂದರು. ಅವರು ಬಸುರಿ ಇರುವಾಗಲೇ ಗಂಡ ಬಿಟ್ಟುಹೋದ. ಪರದೇಶ, ಕೈಯಲ್ಲಿ ಕಾಸಿಲ್ಲ, ಹೊಟ್ಟೆಯಲ್ಲಿ ಮಗು. ಹೊಟ್ಟೆಪಾಡಿಗೆ ಅವರು ಮನೆಗೆಲಸಕ್ಕೆ ಸೇರಿದರು. ಆ ಮನೆ ವೀಕ್ಷಣಾಲಯದ ಮುಖ್ಯಸ್ಥರದು. ಫೀಬಿಯನ್ನು ಕಂಡ ವಿಲಿಯಂ ಪಿಕರಿಂಗ್ ಇದ್ದಾರಲ್ಲ, ಅವರ ಅಣ್ಣ ಎಡ್ವರ್ಡ್ ಪಿಕರಿಂಗ್ ಅವರ ಮನೆ ಅದು.

ಓದು ಬರಹ ಬರುತ್ತಿದ್ದ ವಿಲಿಯಮಿನಾ ಅವರನ್ನು ಎಡ್ವರ್ಡ್ ಪಿಕರಿಂಗ್ 1881ರಲ್ಲಿ ವೀಕ್ಷಣಾಲಯದ ಕೆಲಸಕ್ಕೆ ತೆಗೆದುಕೊಂಡರು. ಪೊರಕೆ ಹಿಡಿದ ಕೈ ಭೂತಗನ್ನಡಿ ಹಿಡಿಯಿತು. ಬೆಳಕು ಹೆಚ್ಚು ಕಡಿಮೆ ಆಗುವ 300ಕ್ಕೂ ಹೆಚ್ಚು ನಕ್ಷತ್ರಗಳನ್ನು ಅವರು ಫಲಕಗಳಲ್ಲಿ ಗುರುತಿಸಿದರು. ಫೀಬಿಯ ಸುದ್ದಿ ಬಂದ 1899ರಲ್ಲೇ ಅವರಿಗೆ ಒಂದು ಹುದ್ದೆ ಕೊಟ್ಟರು. ವೀಕ್ಷಣಾಲಯದ ಎಲ್ಲಾ ಆಕಾಶದ ಫೋಟೋಗಳ ಮೇಲ್ವಿಚಾರಕಿ! ಹಾರ್ವರ್ಡಿನಲ್ಲಿ ಅಂಥ ಹುದ್ದೆ ಪಡೆದ ಮೊದಲ ಹೆಂಗಸು ಅವರು.

ಫೀಬಿಯನ್ನು ಕಂಡುಹಿಡಿದವರು ವಿಲಿಯಮಿನಾ ಅಲ್ಲ. ಆದರೆ ಫಲಕಗಳನ್ನು ಜೋಪಾನ ಮಾಡಿ, ತಾರೀಖು ಬರೆದು, ಬೇಕೆಂದಾಗ ಕೈಗೆ ಸಿಗುವ ಹಾಗೆ ಇಡುವವರು ಇಲ್ಲದಿದ್ದರೆ ಹೋಲಿಸಿ ನೋಡುವುದು ಹೇಗೆ? ಇದೂ ವಿಜ್ಞಾನದ ಕೆಲಸವೇ. ಆದರೆ ಸಂಬಳ? ಗಂಡಸರಿಗೆ ಕೊಡುವುದಕ್ಕಿಂತ ತನಗೆ ಬಹಳ ಕಡಿಮೆ ಅಂತ 1900ರಲ್ಲಿ ಅವರು ತಮ್ಮ ದಿನಚರಿಯಲ್ಲಿ ಬರೆದರು. ಹೊಲದ ಕೂಲಿಯಲ್ಲಿ ಗಂಡಾಳು, ಹೆಣ್ಣಾಳು ಅಂತ ಬೇರೆ ಬೇರೆ ಲೆಕ್ಕ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾರ್ವರ್ಡಿನಲ್ಲಿ ಕೂಡಿದ ಅಂಥ ಗಾಜಿನ ಫಲಕಗಳು 5 ಲಕ್ಷಕ್ಕೂ ಹೆಚ್ಚು.

ಎದುರು ದಿಕ್ಕಿಗೆ ನಡೆಯುವ ಚಂದ್ರ

ಈಗ ಫೀಬಿಯ ಕಥೆಗೆ ಬರೋಣ.

ಫೀಬಿ ಸಣ್ಣದು. ಅದರ ಅಡ್ಡಗಲ ಸುಮಾರು 213 ಕಿ.ಮೀ. ಬೆಂಗಳೂರಿನಿಂದ ಬಸ್ಸು ಹತ್ತಿ ಚಿತ್ರದುರ್ಗದಲ್ಲಿ ಇಳಿದರೆ ಎಷ್ಟು ದೂರವೋ ಹೆಚ್ಚು ಕಡಿಮೆ ಅಷ್ಟೇ. ನಮ್ಮ ಚಂದಮಾಮನ ಅಡ್ಡಗಲ 3,474 ಕಿ.ಮೀ. ಅದರ ಮುಂದೆ ಫೀಬಿ ಕಲ್ಲಂಗಡಿ ಹಣ್ಣಿನ ಮುಂದೆ ನೆಲ್ಲಿಕಾಯಿ ಇಟ್ಟ ಹಾಗೆ.

ಚಿಕ್ಕದಾದ್ದರಿಂದ ಅದರ ಸೆಳೆತವೂ ಕಡಿಮೆ. ವಸ್ತುಗಳನ್ನು ನೆಲಕ್ಕೆ ಎಳೆಯುವ ಸೆಳೆತ ಅದು. ಇಲ್ಲಿ 50 ಕಿಲೋ ತೂಗುವ ಅಕ್ಕಿ ಮೂಟೆಯನ್ನು ಫೀಬಿಯಲ್ಲಿ ಎತ್ತಿದರೆ ಕಾಲು ಕಿಲೋ ಬೆಲ್ಲ ಎತ್ತಿದಷ್ಟೇ ಹಗುರ. ಚಳಿಯೋ, ಹೇಳತೀರದು. ನೀರು ಮಂಜುಗಡ್ಡೆ ಆಗುವ ಚಳಿಗಿಂತ 150 ಡಿಗ್ರಿಗೂ ಕೆಳಗೆ. ಉಸಿರಾಡಲು ಗಾಳಿ ಇಲ್ಲ.

ಫೀಬಿ ಇರುವ ದೂರ ನೋಡಿ. ನಮ್ಮ ಚಂದ್ರ ಭೂಮಿಯಿಂದ ಸುಮಾರು 3 ಲಕ್ಷ 84 ಸಾವಿರ ಕಿ.ಮೀ. ದೂರ. ಫೀಬಿ ಶನಿಯಿಂದ ಸುಮಾರು 1 ಕೋಟಿ 29 ಲಕ್ಷ ಕಿ.ಮೀ. ದೂರ! ನಮ್ಮ ಚಂದ್ರ ಭೂಮಿಯನ್ನು ಒಂದು ಸುತ್ತು ಬರಲು ಒಂದು ತಿಂಗಳೂ ಬೇಡ. ಫೀಬಿಗೆ ಸುಮಾರು 550 ದಿನ ಬೇಕು. ಅಂದ್ರೆ ಒಂದೂವರೆ ವರ್ಷ.

ಎಲ್ಲಕ್ಕಿಂತ ಸೋಜಿಗದ ಸಂಗತಿ ಅದರ ನಡಿಗೆ. ಕಣದಲ್ಲಿ ಎತ್ತುಗಳು ಮೇಟಿಯ ಸುತ್ತ ತಿರುಗುವುದನ್ನು ನೋಡಿದ್ದೀರಿ. ಎಲ್ಲಾ ಎತ್ತುಗಳೂ ಒಂದೇ ದಿಕ್ಕಿಗೆ ತಿರುಗುತ್ತವೆ. ಶನಿಯ ಹತ್ತಿರ ಇರುವ ದೊಡ್ಡ ಚಂದ್ರಗಳೂ ಹಾಗೆ. ಶನಿ ಯಾವ ದಿಕ್ಕಿಗೆ ಬುಗುರಿಯಂತೆ ತಿರುಗುತ್ತದೋ ಅದೇ ದಿಕ್ಕಿಗೆ ಅವೂ ಸುತ್ತುತ್ತವೆ. ಫೀಬಿ ಮಾತ್ರ ಎದುರು ದಿಕ್ಕಿಗೆ ಸುತ್ತುತ್ತದೆ!

ಯಾಕೆ ಹೀಗೆ? ಶನಿಯ ಹತ್ತಿರದ ಚಂದ್ರಗಳು ಶನಿಯ ಸುತ್ತ ತಿರುಗುತ್ತಿದ್ದ ದೂಳು, ಅನಿಲ, ಮಂಜಿನಿಂದಲೇ ಹುಟ್ಟಿದವು. ತಿರುಗುವ ನೀರಿನಲ್ಲಿ ತೇಲುವ ಕಸವೆಲ್ಲ ಒಂದೇ ಕಡೆ ತಿರುಗುವಂತೆ, ಅವೂ ಒಂದೇ ಕಡೆ ತಿರುಗಿದವು. ಫೀಬಿ ಅಲ್ಲಿ ಹುಟ್ಟಿದ್ದಲ್ಲ. ಅದು ಬೇರೆಲ್ಲೋ ದೂರದಲ್ಲಿ, ಸೂರ್ಯನ ಸುತ್ತ ಅಲೆಯುತ್ತಿದ್ದ ಮಂಜು ಕಲ್ಲಿನ ಉಂಡೆ. ಯಾವಾಗಲೋ ಶನಿಯ ಹತ್ತಿರ ಬಂತು. ಶನಿಯ ಸೆಳೆತಕ್ಕೆ ಸಿಕ್ಕಿಬಿತ್ತು. ಅಲ್ಲೇ ಸುತ್ತತೊಡಗಿತು. ಹೀಗೆಂದು ಬಹುಪಾಲು ವಿಜ್ಞಾನಿಗಳು ಹೇಳುತ್ತಾರೆ. ಬೇರೆ ಊರಿನ ಎಮ್ಮೆ ನಮ್ಮ ಮಂದೆಗೆ ಸೇರಿದರೆ ಅದರ ನಡಿಗೆಯಿಂದಲೇ ಗುರುತು ಹಿಡಿಯುತ್ತೀವಲ್ಲ, ಹಾಗೆ.

ಫೀಬಿ ಸಿಕ್ಕ ನೂರು ವರ್ಷದ ತನಕ ಅಷ್ಟು ದೂರದಲ್ಲಿ ಬೇರೆ ಯಾವ ಚಂದ್ರವೂ ಸಿಕ್ಕಿರಲಿಲ್ಲ. 2000ದಿಂದ ಈಚೆಗೆ ಇನ್ನೂ ಒಳ್ಳೆಯ ದೂರದರ್ಶಕಗಳಿಂದ ಹುಡುಕಿದಾಗ ದೂರದ ಸಣ್ಣ ಚಂದ್ರಗಳು ರಾಶಿ ರಾಶಿ ಸಿಕ್ಕವು. ಅವುಗಳಲ್ಲೂ ಹೆಚ್ಚಿನವು ಎದುರು ದಿಕ್ಕಿಗೇ ಸುತ್ತುತ್ತವೆ. 2025ರ ಮಾರ್ಚ್ ತಿಂಗಳಲ್ಲಿ ಶನಿಯ ಚಂದ್ರಗಳ ಲೆಕ್ಕ 274ಕ್ಕೆ ಏರಿತು.

ಹತ್ತಿರ ಹೋಗಿ ನೋಡಿದಾಗ

‘ದೂರದಿಂದ ನೋಡಿ ಹೇಳಿದ್ದು ಸರಿ. ಹತ್ತಿರ ಹೋಗಿ ನೋಡಿದವರು ಉಂಟಾ?’ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಮನುಷ್ಯರು ಹೋಗಿಲ್ಲ. ಮನುಷ್ಯರು ಮಾಡಿದ ಯಂತ್ರ ಹೋಗಿದೆ.

ಆ ಯಂತ್ರದ ಹೆಸರು ಕ್ಯಾಸಿನಿ. 1997ರ ಅಕ್ಟೋಬರ್ ತಿಂಗಳಲ್ಲಿ ಅದನ್ನು ಭೂಮಿಯಿಂದ ಹಾರಿಸಿದರು. ಸುಮಾರು ಏಳು ವರ್ಷ ಅದು ಪ್ರಯಾಣ ಮಾಡಿತು. ಮನೆಯಲ್ಲಿ ಆಗ ಹುಟ್ಟಿದ ಕೂಸು ಎರಡನೇ ಕ್ಲಾಸಿಗೆ ಹೋಗುವಷ್ಟು ಕಾಲ! 2004ರ ಜೂನ್ 11ರಂದು ಕ್ಯಾಸಿನಿ ಫೀಬಿಯಿಂದ ಬರೀ 2,068 ಕಿ.ಮೀ. ದೂರದಲ್ಲಿ ಹಾದುಹೋಯಿತು. ಶನಿಯ ಹತ್ತಿರ ಹೋದಮೇಲೆ ಅಷ್ಟು ದೂರ ಮತ್ತೆ ತಿರುಗಿ ಬರಲು ಆಗುತ್ತಿರಲಿಲ್ಲ. ಆದ್ದರಿಂದ ಹೋಗುವ ದಾರಿಯಲ್ಲೇ ಫೀಬಿ ಸಿಗುವ ಹಾಗೆ ಮೊದಲೇ ದಿನ ಗೊತ್ತು ಮಾಡಿದ್ದರು.

ಕ್ಯಾಸಿನಿ ಕಳಿಸಿದ ಫೋಟೋಗಳಲ್ಲಿ ಏನು ಕಂಡಿತು? ಫೀಬಿಯ ಮೈಯೆಲ್ಲ ಗುಂಡಿ. ಸಿಡುಬು ಬಂದು ಹೋದ ಮುಖದ ಹಾಗೆ. ಕಲ್ಲುಗಳು ಬಂದು ಬಡಿದು ಆದ ಗುಂಡಿಗಳು ಅವು. ಒಂದು ಗುಂಡಿಯಂತೂ ಸುಮಾರು 100 ಕಿ.ಮೀ. ಅಗಲ. ಮೇಲೆ ಕಪ್ಪು ಮಸಿ ಬಳಿದಂಥ ಹೊದಿಕೆ. ಗುಂಡಿಗಳ ಗೋಡೆಯಲ್ಲಿ ಅಲ್ಲಲ್ಲಿ ಬಿಳಿಯ ಮಂಜು. ಒಳಗೆ ಮಂಜು, ಮೇಲೆ ಮಸಿ. ಬೂದಿ ಮುಚ್ಚಿದ ಬೆಣ್ಣೆ ಉಂಡೆಯ ಹಾಗೆ ಅನ್ನಿ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತರಲ್ಲಿ ಒಂದು ಪಾಲನ್ನೂ ಅದು ಹಿಂದಕ್ಕೆ ಕಳಿಸುವುದಿಲ್ಲ. ಹೆಸರು ‘ಬೆಳಗುವವಳು’. ಬಣ್ಣ ಇದ್ದಿಲು!

ಕ್ಯಾಸಿನಿ 13 ವರ್ಷ ಶನಿಯ ಸುತ್ತ ಕೆಲಸ ಮಾಡಿತು. 2017ರ ಸೆಪ್ಟೆಂಬರ್ 15ರಂದು ಶನಿಯ ಒಳಗೇ ಇಳಿದು ಉರಿದುಹೋಯಿತು.

ಎರಡು ಬಣ್ಣದ ಚಂದ್ರ

ಫೀಬಿಯಿಂದ ಒಂದು ಹಳೆಯ ಒಗಟು ಬಿಡಿಸಲು ದಾರಿ ಸಿಕ್ಕಿತು. ಆ ಒಗಟನ್ನೂ ಕೇಳಿ.

ಶನಿಗೆ ಇಯಾಪಿಟಸ್ ಅಂತ ಇನ್ನೊಂದು ಚಂದ್ರ ಇದೆ. ಅದನ್ನು 1671ರಲ್ಲಿ ಕಂಡುಹಿಡಿದರು. ಕಂಡವರು ಜೊವಾನಿ ಕ್ಯಾಸಿನಿ. ಅವರ ಹೆಸರನ್ನೇ ಆಮೇಲೆ ಆ ಯಂತ್ರಕ್ಕೆ ಇಟ್ಟರು. ಇಯಾಪಿಟಸ್ ಶನಿಯ ಒಂದು ಪಕ್ಕಕ್ಕೆ ಬಂದಾಗ ಚೆನ್ನಾಗಿ ಕಾಣುತ್ತಿತ್ತು. ಇನ್ನೊಂದು ಪಕ್ಕಕ್ಕೆ ಹೋದಾಗ ಮಾಯ! ಅದರ ಒಂದು ಮೈ ಬೆಳ್ಳಗೆ, ಇನ್ನೊಂದು ಮೈ ಕಪ್ಪಗೆ ಇರಬೇಕು ಅಂತ ಅವರು ಊಹಿಸಿದರು. ಊಹೆ ಸರಿಯಾಗಿತ್ತು. ಆದರೆ ಯಾಕೆ ಹಾಗೆ? ಮುನ್ನೂರು ವರ್ಷ ಕಳೆದರೂ ಸರಿಯಾದ ಉತ್ತರ ಸಿಗಲಿಲ್ಲ.

2009ರಲ್ಲಿ ಆನ್ ವರ್ಬಿಸ್ಕರ್ ಎಂಬ ಮಹಿಳಾ ವಿಜ್ಞಾನಿ ಮತ್ತು ಅವರ ಇಬ್ಬರು ಜೊತೆಗಾರರು ಒಂದು ಸುದ್ದಿ ಹೇಳಿದರು. ಫೀಬಿ ಸುತ್ತುವ ದಾರಿಯಲ್ಲಿ ದೂಳಿನ ದೊಡ್ಡ ಬಳೆ ಇದೆ! ಕಲ್ಲುಗಳು ಬಡಿದಾಗ ಫೀಬಿಯಿಂದ ಎದ್ದ ದೂಳು ಅದು. ಆ ಬಳೆ ಶನಿಯ ಸುತ್ತ ಕೋಟಿ ಕಿ.ಮೀ.ಗೂ ಆಚೆ ಹರಡಿದೆ. ಆದರೆ ಎಷ್ಟು ತೆಳುವು ಅಂದ್ರೆ, ಅದರ ನಡುವೆ ನಿಂತರೂ ದೂಳು ಇದೆ ಅಂತ ತಿಳಿಯಲಿಕ್ಕಿಲ್ಲ.

ಮತ್ತೆ ಹೇಗೆ ಗೊತ್ತಾಯಿತು? ಒಲೆ ಆರಿಸಿದ ಮೇಲೆ ಹಂಚನ್ನು ನೋಡಿ. ಬೆಂಕಿ ಕಾಣುವುದಿಲ್ಲ. ಕೈ ಹತ್ತಿರ ಹಿಡಿದರೆ ಕಾವು ತಿಳಿಯುತ್ತದೆ. ಹಾಗೆಯೇ ಕಾವನ್ನು ಗುರುತಿಸುವ ‘ಸ್ಪಿಟ್ಜರ್’ ಅನ್ನುವ ದೂರದರ್ಶಕವನ್ನು ಆಕಾಶಕ್ಕೆ ಹಾರಿಸಿದ್ದರು. ಅಷ್ಟು ತಣ್ಣಗಿನ ದೂಳಿನಿಂದಲೂ ಬರುವ ಬಹಳ ಸಣ್ಣ ಕಾವನ್ನು ಅದು ಹಿಡಿಯಿತು.

ಈ ದೂಳು ಮೆಲ್ಲಮೆಲ್ಲಗೆ ಶನಿಯ ಕಡೆಗೆ ಇಳಿಯುತ್ತದೆ. ಇಯಾಪಿಟಸ್ ಎದುರಿಗೆ ಬರುತ್ತದೆ. ಮಳೆಯಲ್ಲಿ ಸೈಕಲ್ ತುಳಿದರೆ ಎದೆ ಮೊದಲು ನೆನೆಯುತ್ತದೆ, ಬೆನ್ನು ಆಮೇಲೆ. ಹಾಗೆ ಇಯಾಪಿಟಸ್‌ನ ಮುಂದಿನ ಮೈಗೆ ದೂಳು ಮೆತ್ತಿತು. ಕಪ್ಪಾದ ಮೈ ಬಿಸಿಲನ್ನು ಹೆಚ್ಚು ಹೀರಿತು. ಅಲ್ಲಿನ ಮಂಜು ಆವಿಯಾಗಿ ಬೆಳ್ಳಗಿನ ಕಡೆಗೆ ಹೋಗಿ ಕೂತಿತು. ಕಪ್ಪು ಮತ್ತೂ ಕಪ್ಪಾಯಿತು. ಬಿಳಿ ಮತ್ತೂ ಬಿಳಿಯಾಯಿತು.

ನೋಡಿದಿರಾ? 1671ರಲ್ಲಿ ಒಬ್ಬರು ನೋಡಿ ಬರೆದಿಟ್ಟರು. 1899ರಲ್ಲಿ ಇನ್ನೊಬ್ಬರು ನೋಡಿ ಬರೆದಿಟ್ಟರು. 2009ರಲ್ಲಿ ಮತ್ತೊಬ್ಬರು ಅವೆಲ್ಲವನ್ನೂ ಓದಿ ಗಂಟು ಬಿಚ್ಚಿದರು. ಬರೆದಿಡದೆ ಹೋಗಿದ್ದರೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಸಿಗುತ್ತಿತ್ತಾ?

ಏಳೂವರೆ ವರ್ಷದ ಲೆಕ್ಕ

ಈಗ ನಮ್ಮ ಮನೆಯ ಮಾತಿಗೆ ಬರೋಣ. ‘ಸಾಡೇಸಾತಿ’ ಅಥವಾ ‘ಏಳೂವರೆ ವರ್ಷದ ಶನಿ’ ಅಂತ ಹೆದರುತ್ತೀವಲ್ಲ, ಆ ಏಳೂವರೆ ಎಲ್ಲಿಂದ ಬಂತು?

ಆಕಾಶದ ದಾರಿಯನ್ನು ಹಿಂದಿನವರು 12 ಪಾಲು ಮಾಡಿದರು. ಒಂದೊಂದು ಪಾಲಿಗೆ ಒಂದು ರಾಶಿ ಎಂದು ಹೆಸರು ಕೊಟ್ಟರು. ಶನಿ ಒಂದು ಸುತ್ತು ಬರಲು ಸುಮಾರು 30 ವರ್ಷ. 30 ವರ್ಷವನ್ನು 12ರಿಂದ ಭಾಗಿಸಿ. ಒಂದು ರಾಶಿಗೆ ಎರಡೂವರೆ ವರ್ಷ. ನಮ್ಮ ರಾಶಿ, ಅದರ ಹಿಂದಿನದು, ಅದರ ಮುಂದಿನದು, ಒಟ್ಟು ಮೂರು ರಾಶಿ. ಎರಡೂವರೆಯನ್ನು ಮೂರು ಸಲ ಕೂಡಿ. ಏಳೂವರೆ! ಅಂದರೆ ಈ ಲೆಕ್ಕ ಹುಟ್ಟಿದ್ದು ಶನಿಯ ಸಿಟ್ಟಿನಿಂದ ಅಲ್ಲ. ಶನಿಯ ನಿಧಾನ ನಡಿಗೆಯಿಂದ.

ಇನ್ನೂ ಒಂದು ಲೆಕ್ಕ ಮಾಡಿ. 12 ರಾಶಿಯಲ್ಲಿ 3 ರಾಶಿಯವರಿಗೆ ಯಾವಾಗಲೂ ಸಾಡೇಸಾತಿ ಇದ್ದೇ ಇರುತ್ತದೆ. ಅಂದರೆ ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬರಿಗೆ. ನಿಮ್ಮ ಊರಿನಲ್ಲಿ 1,000 ಜನ ಇದ್ದರೆ ಸುಮಾರು 250 ಜನಕ್ಕೆ ಇವತ್ತೂ ಇದೆ. ಅವರಲ್ಲಿ ಹೆತ್ತವರಿದ್ದಾರೆ, ಹೊಸ ಮನೆ ಕಟ್ಟಿದವರಿದ್ದಾರೆ, ಸಾಲ ಮಾಡಿದವರಿದ್ದಾರೆ, ಸಾಲ ತೀರಿಸಿದವರೂ ಇದ್ದಾರೆ. ಉಳಿದ 750 ಜನರಲ್ಲೂ ಅಷ್ಟೇ.

ಪೂಜೆ, ಭಕ್ತಿ ಅವರವರ ಮನಸ್ಸಿಗೆ ಬಿಟ್ಟದ್ದು. ಅದರ ತಂಟೆಗೆ ಈ ಪಾಠ ಹೋಗುವುದಿಲ್ಲ. ಆದರೆ ಭಯದ ಮಾತು ಬೇರೆ. ಮಗುವಿಗೆ ಜ್ವರ ಬಂದಾಗ ‘ಶನಿ ದೃಷ್ಟಿ’ ಅಂತ ಆಸ್ಪತ್ರೆಗೆ ಹೋಗಲು ತಡ ಮಾಡಿದರೆ ಕಳೆದುಕೊಳ್ಳುವವರು ನಾವು. ಶಾಂತಿ ಮಾಡಿಸಲು ಕೊರಳ ತಾಳಿ ಅಡವಿಟ್ಟರೆ ಬಡ್ಡಿ ಕಟ್ಟುವವರು ನಾವು. ಜಾತಕದಲ್ಲಿ ಶನಿ ಇದೆ ಅಂತ ಒಬ್ಬ ಹುಡುಗಿಯನ್ನು ಬೇಡ ಅಂದರೆ ಕಣ್ಣೀರು ಹಾಕುವವಳು ನಮ್ಮಂಥವಳೇ ಒಬ್ಬ ಹೆಣ್ಣುಮಗಳು. 143 ಕೋಟಿ ಕಿ.ಮೀ. ದೂರದಲ್ಲಿ ಸೂರ್ಯನನ್ನು ಸುತ್ತುತ್ತಾ, ತನ್ನ ನೂರಾರು ಚಂದ್ರಗಳನ್ನು ಕಟ್ಟಿಕೊಂಡು ತನ್ನ ಪಾಡಿಗೆ ತಾನು ನಡೆಯುವ ಆ ಗ್ರಹಕ್ಕೆ ಆ ಹುಡುಗಿಯ ಹೆಸರೂ ಗೊತ್ತಿಲ್ಲ.

ಮುಂದೆ ಯಾರಾದರೂ ಹೆದರಿಸಿದರೆ, ಸೆರಗಿಗೆ ಕಟ್ಟಿದ ಗಂಟು ಬಿಚ್ಚಿ ಕೇಳಿ: ‘ನಿಮಗೆ ಹೇಗೆ ಗೊತ್ತು? ನೋಡಿದವರು ಯಾರು? ಎಲ್ಲಿ ಬರೆದಿಟ್ಟಿದ್ದಾರೆ?’

ನೆನಪಿಡೋಣ

1. ಫೀಬಿ ಶನಿಯ ಒಂದು ಸಣ್ಣ, ದೂರದ ಚಂದ್ರ.
2. ಅದನ್ನು 1899ರಲ್ಲಿ ಫೋಟೋ ಫಲಕಗಳನ್ನು ಹೋಲಿಸಿ ಕಂಡುಹಿಡಿದರು.
3. ಅದು ಎದುರು ದಿಕ್ಕಿಗೆ ಸುತ್ತುತ್ತದೆ. ಅದು ಹೊರಗಿನಿಂದ ಬಂದದ್ದು ಎಂದು ಬಹುಪಾಲು ವಿಜ್ಞಾನಿಗಳು ಹೇಳುತ್ತಾರೆ.
4. ನೋಡಿದ್ದನ್ನು ಬರೆದಿಟ್ಟರೆ ಮುಂದಿನವರಿಗೆ ದಾರಿ ಆಗುತ್ತದೆ.

ಹೊಸ ಪದಗಳು

ಉಪಗ್ರಹ – ಗ್ರಹವನ್ನು ಸುತ್ತುವ ಗೋಳ ಅಥವಾ ಬಂಡೆ
ವೀಕ್ಷಣಾಲಯ – ಆಕಾಶ ನೋಡಲು ಕಟ್ಟಿದ ಜಾಗ
ಫಲಕ – ಹಲಗೆ; ಇಲ್ಲಿ ಫೋಟೋ ಮೂಡುವ ಗಾಜು
ಭೂತಗನ್ನಡಿ – ಸಣ್ಣದನ್ನು ದೊಡ್ಡದಾಗಿ ತೋರಿಸುವ ಗಾಜು
ಸೆಳೆತ – ತನ್ನ ಕಡೆಗೆ ಎಳೆದುಕೊಳ್ಳುವ ಶಕ್ತಿ

ಉತ್ತರ ಬರೆಯಿರಿ

1. ಶನಿಗೆ ‘ಶನೈಶ್ಚರ’ ಎಂಬ ಹೆಸರು ಯಾಕೆ ಬಂತು?
2. ಕಣ್ಣಿಗೆ ಕಾಣದ ಫೀಬಿ ಫೋಟೋದಲ್ಲಿ ಹೇಗೆ ಸಿಕ್ಕಿತು?
3. ವಿಲಿಯಮಿನಾ ಫ್ಲೆಮಿಂಗ್ ಮೊದಲು ಏನು ಕೆಲಸ ಮಾಡುತ್ತಿದ್ದರು? ಆಮೇಲೆ ಏನಾದರು?
4. ಇಯಾಪಿಟಸ್‌ನ ಒಂದು ಮೈ ಯಾಕೆ ಕಪ್ಪಾಯಿತು?

ಲೆಕ್ಕ ಮಾಡಿ

ಫೀಬಿಯ ಸುತ್ತಳತೆ ಸುಮಾರು 670 ಕಿ.ಮೀ. ದಿನಕ್ಕೆ 20 ಕಿ.ಮೀ. ನಡೆದರೆ ಅದನ್ನು ಒಂದು ಸುತ್ತು ಬರಲು ಎಷ್ಟು ದಿನ ಬೇಕು?

ಮಾಡಿ ನೋಡಿ

1. ಅಗಲವಾದ ಪಾತ್ರೆಯಲ್ಲಿ ನೀರು ಹಾಕಿ. ಸೌಟಿನಿಂದ ಒಂದೇ ದಿಕ್ಕಿಗೆ ಜೋರಾಗಿ ತಿರುಗಿಸಿ. ಸೌಟು ತೆಗೆದು ನಾಲ್ಕು ಒಣಗಿದ ಎಲೆ ಚೂರು ಹಾಕಿ. ಅವು ಯಾವ ದಿಕ್ಕಿಗೆ ತಿರುಗುತ್ತವೆ?

2. ಅಮಾವಾಸ್ಯೆ ಕಳೆದು ಮೂರನೇ ದಿನದಿಂದ ಐದು ದಿನ, ಸಂಜೆ ಏಳೂವರೆಗೆ ಅಂಗಳದಲ್ಲಿ ಒಂದೇ ಜಾಗದಲ್ಲಿ ನಿಲ್ಲಿ. ಒಂದು ತೆಂಗಿನ ಮರವನ್ನೋ ಮನೆಯ ಮಾಡನ್ನೋ ಗುರುತು ಇಟ್ಟುಕೊಳ್ಳಿ. ಚಂದ್ರ ಎಲ್ಲಿದ್ದಾನೆ ಅಂತ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಿರಿ. ಪಕ್ಕದಲ್ಲಿ ತಾರೀಖು ಹಾಕಿ. ಐದೂ ಚಿತ್ರಗಳನ್ನು ಹೋಲಿಸಿ. ಚಂದ್ರ ದಿನಕ್ಕೆ ಎಷ್ಟು ಸರಿದ? ಯಾವ ಕಡೆಗೆ? ಬರೆದದ್ದನ್ನು ಮುಂದಿನ ತರಗತಿಗೆ ತನ್ನಿ. ಎಲ್ಲರೂ ಸೇರಿ ಓದೋಣ.